ಊದುವವರ ಮಗ

ನಮ್ಮ ವಿಜಯಪುರ ಸೀಮೆಯಲ್ಲಿ ಸನಾದಿಯ ದನಿಯಿಲ್ಲದೆ ಮಂಗಳಕಾರ್ಯ ನಡೆಯುವುದು ಅಪರೂಪ. ಮದುವೆಯ ದಿನಗಳಲ್ಲಿ ಸಂಜೆಯ ಹೊತ್ತು ಮಮದಾಪುರದ ದೊಡ್ಡ ಕೆರೆಯ ಏರಿಯ ಮೇಲೆ ನಿಂತರೆ ಕರಡಿಮಜಲಿನ ಸದ್ದು ನೀರಿನ ಮೇಲಿಂದ ತೇಲಿ ಬರುತ್ತದೆ. ಆದರೆ ಆ ಸನಾದಿಯನ್ನು ಊದುವವರ ಹೆಸರೇನೆಂದು ಕೇಳುವವರು ಎಷ್ಟು ಮಂದಿ? ಅವರು ಹಂದರದ ಹೊರಗೆ ಕುಳಿತು ಊದುತ್ತಾರೆ, ಕೊನೆಯ ಪಂಕ್ತಿಯಲ್ಲಿ ಉಣ್ಣುತ್ತಾರೆ, ಸಂಭಾವನೆಗಾಗಿ ಕಾಯುತ್ತಾರೆ. ಇಂದು ನಿಮಗೆ ಅಂಥದೇ ಊದುವ ಮನೆತನದಲ್ಲಿ ಹುಟ್ಟಿದ ಒಬ್ಬ ಕಲಾವಿದರ ವಿಷಯವನ್ನು ಹೇಳಬೇಕೆನಿಸಿದೆ.

ಇದಕ್ಕೆ ಪ್ರೇರಣೆಯಾದದ್ದು ಅಮೆರಿಕೆಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳುಹಿಸಿದ ಒಂದು ಧ್ವನಿಮುದ್ರಿಕೆ. ಅದರ ಹೆಸರು 'ಕಿನ್ಸ್‌ಮೆನ್'. ಬಂಧುಗಳು ಎಂದು ಅರ್ಥ. 2008ರಲ್ಲಿ ಹೊರಬಂದದ್ದು. ಕನ್ನಡ ನಾಡಿನ ಮೂಲದ ಕುಟುಂಬದಲ್ಲಿ ಹುಟ್ಟಿ ಅಮೆರಿಕೆಯಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಎಂಬ ಜಾಝ್ ವಾದಕರ ಸ್ಯಾಕ್ಸೋಫೋನ್, ಕರಾಚಿಯಲ್ಲಿ ಹುಟ್ಟಿದ ರೆಜ್ ಅಬ್ಬಾಸಿಯವರ ಗಿಟಾರು, ಎ. ಕನ್ಯಾಕುಮಾರಿಯವರ ಪಿಟೀಲು, ಪೂವಾಲೂರು ಶ್ರೀಜಿಯವರ ಮೃದಂಗ. ಇವರೆಲ್ಲರ ನಡುವೆ ಇನ್ನೊಂದು ಸ್ಯಾಕ್ಸೋಫೋನ್, ನಮ್ಮ ಕದ್ರಿ ಗೋಪಾಲನಾಥರದು. "ಗುರುಗಳೆ, ಇದು ಜಾಝೋ ಕರ್ನಾಟಕ ಸಂಗೀತವೋ ನೀವೇ ಹೇಳಬೇಕು" ಎಂದು ಆ ಶಿಷ್ಯ ಬರೆದಿದ್ದ. ನಾನು ಸಂಗೀತಶಾಸ್ತ್ರ ಬಲ್ಲವನಲ್ಲ. ಆದರೂ ಎರಡು ಸಲ ಕೇಳಿದ ಮೇಲೆ ನನಗೆ ತೋರಿದ್ದು ಇಷ್ಟು: ನಮ್ಮವರು ಮನೋಧರ್ಮ ಎನ್ನುವುದೂ ಜಾಝಿನವರು ಆ ಕ್ಷಣದಲ್ಲೇ ಹೊಸೆದು ನುಡಿಸುವುದೂ ದೂರದ ನೆಂಟರು. ಹೆಸರಿಟ್ಟವರು ಸರಿಯಾಗಿಯೇ ಇಟ್ಟಿದ್ದಾರೆ.

ಗೋಪಾಲನಾಥರು 1949ರಲ್ಲಿ ದಕ್ಷಿಣ ಕನ್ನಡದ ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ ಹುಟ್ಟಿದರು. ತಂದೆ ತನಿಯಪ್ಪನವರು ನಾಗಸ್ವರ ವಾದಕರು. ಮಗನೂ ಅದನ್ನೇ ಹಿಡಿಯಬೇಕಾಗಿತ್ತು. ಆದರೆ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕಂಡ ಆ ಹುಡುಗನ ಮನಸ್ಸು ಅಲ್ಲಿಯೇ ನೆಟ್ಟಿತು. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತ 1840ರ ದಶಕದಲ್ಲಿ ನಿರ್ಮಿಸಿದ ಈ ಹಿತ್ತಾಳೆಯ ವಾದ್ಯ ಅಲ್ಲಿಯವರೆಗೆ ನಮ್ಮ ದೇಶದಲ್ಲಿ ಬಹುಮಟ್ಟಿಗೆ ಬ್ಯಾಂಡಿನವರದು, ಸಿನಿಮಾ ಹಾಡಿನವರದು. ಅದರಲ್ಲಿ ರಾಗ ನುಡಿಸಬಹುದೆಂದು ಹೊರಟದ್ದೇ ಒಂದು ಸಾಹಸ.

ಸಾಹಸವೇಕೆಂದರೆ, ನಾಗಸ್ವರದ ರಂಧ್ರಗಳು ತೆರೆದಿರುತ್ತವೆ. ಬೆರಳನ್ನು ಅರ್ಧ ಸರಿಸಿ, ತುಸು ಜಾರಿಸಿ, ಸ್ವರವನ್ನು ತೂಗಬಹುದು. ಸ್ಯಾಕ್ಸೋಫೋನಿನ ರಂಧ್ರಗಳ ಮೇಲೆ ಮುಚ್ಚಳಗಳಿವೆ. ಬೆರಳು ಒತ್ತುವುದು ಕೀಲಿಯನ್ನು, ರಂಧ್ರವನ್ನಲ್ಲ. ಸ್ವರಗಳು ಏಣಿಯ ಮೆಟ್ಟಿಲುಗಳಂತೆ ಬಿಡಿಬಿಡಿಯಾಗಿ ಬರುತ್ತವೆ. ನಮ್ಮ ಸಂಗೀತಕ್ಕೆ ಮೆಟ್ಟಿಲು ಸಾಲದು. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಜಾರುವ ದಾರಿಯೂ ಬೇಕು. ಆ ಗಮಕವನ್ನು ಗೋಪಾಲನಾಥರು ತುಟಿಯ ಬಿಗಿತದಿಂದ, ಉಸಿರಿನ ಹದದಿಂದ ಸಾಧಿಸಿದರು. ವಾದ್ಯದಲ್ಲಿಯೂ ತಮಗೆ ಬೇಕಾದ ಮಾರ್ಪಾಡು ಮಾಡಿಕೊಂಡರು. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿಯೂ, ಅನಂತರ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಶಿಷ್ಯವೃತ್ತಿ ಮಾಡಿದರು. ಎಲ್ಲವೂ ಕೈಗೆ ಹತ್ತಲು ವರ್ಷಗಳೇ ಹಿಡಿದವು. ಪರೀಕ್ಷೆಗೆ ಮೂರು ದಿನ ಮೊದಲು ಪುಸ್ತಕ ತೆರೆಯುತ್ತಿದ್ದ ನನ್ನ ಕೆಲವು ಶಿಷ್ಯರು ಈ ವಾಕ್ಯವನ್ನು ಎರಡು ಸಲ ಓದಬೇಕು.

1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಇವರ ವಾದನವನ್ನು ಕೇಳಿದ ಅಮೆರಿಕೆಯ ಜಾನ್ ಹ್ಯಾಂಡಿ ಜೊತೆಗೂಡಿ ನುಡಿಸಲು ಮುಂದೆ ಬಂದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಪ್ರಾಮ್ಸ್ ಸಂಗೀತೋತ್ಸವದಲ್ಲಿ ಕಛೇರಿ ನಡೆಯಿತು. ಅದೇ ವರ್ಷ 'ಡ್ಯುಯೆಟ್' ಎಂಬ ತಮಿಳು ಚಿತ್ರದಲ್ಲಿ ಎ. ಆರ್. ರೆಹಮಾನರ ಸಂಗೀತಕ್ಕೆ ಇವರ ಸ್ಯಾಕ್ಸೋಫೋನ್ ಜೀವ ತುಂಬಿತು. 2004ರಲ್ಲಿ ಪದ್ಮಶ್ರೀ ಬಂದಿತು.

ಆ ಲಂಡನ್ ಕಛೇರಿಯ ಸುದ್ದಿ ನನಗೆ ತರಗತಿಯಲ್ಲಿ ಪಾಠವಾಗಿ ಒದಗಿತು. ಒಂಬತ್ತನೆಯ ಇಯತ್ತೆಯಲ್ಲಿ ಸನಾದಿ ಊದುವವರ ಹುಡುಗನೊಬ್ಬನಿದ್ದ. ಲಗ್ನದ ದಿನಗಳಲ್ಲಿ ತಂದೆಯ ಜೊತೆ ಶ್ರುತಿ ಹಿಡಿಯಲು ಹೋಗುತ್ತಿದ್ದ. ಮರುದಿನ ಶಾಲೆಗೆ ಬಂದರೆ ಹುಡುಗರು ಗಲ್ಲ ಉಬ್ಬಿಸಿ ಅಣಕಿಸುತ್ತಿದ್ದರು. ಒಂದು ದಿನ ಬಂದು, "ಸರ್, ನಾ ಅಪ್ಪನ ಜೋಡಿ ಹೋಗೂದು ಬಿಟ್ಟೀನ್ರಿ. ಎಲ್ಲಾರೂ ನಗತಾರ್ರಿ" ಎಂದ. ಹನ್ನೆರಡು ಕಲಿತ ಬೆರಳುಗಳಿದ್ದರೂ ಸಾಲದೆನ್ನುವ ವಿದ್ಯೆಯನ್ನು ನಗೆಗೆ ಅಂಜಿ ಬಿಡುತ್ತಿದ್ದಾನಲ್ಲ ಎಂದು ನನಗೆ ಸಂಕಟವಾಯಿತು. ಮರುದಿನ ಇಡೀ ವರ್ಗಕ್ಕೆ ಗೋಪಾಲನಾಥರ ವಿಷಯ ಹೇಳಿದೆ. ತಂದೆ ನಾಗಸ್ವರ ಊದುವವರು ಎಂಬುದನ್ನು ಒತ್ತಿ ಹೇಳಿದೆ. ಎಲ್ಲರೂ ಸುಮ್ಮನೆ ಕೇಳಿದರು. ಈ ಹುಡುಗ ಮಾತ್ರ ಎದ್ದು ನಿಂತು ಕೇಳಿದ: "ಅಲ್ಲಿ ಅವರ್ನ ಒಳಗ ಕುಂಡ್ರಸ್ತಾರೇನ್ರಿ, ಸರ್?"

ಮೂವತ್ತು ವರ್ಷಗಳ ಮೇಲೂ ಆ ಪ್ರಶ್ನೆ ನನ್ನ ಕಿವಿಯಲ್ಲಿದೆ. "ಒಳಗಷ್ಟ ಅಲ್ಲಪಾ, ನಟ್ಟನಡುವ ಕುಂಡ್ರಸ್ತಾರ. ಸಾವಿರಾರು ಮಂದಿ ಸುತ್ತ ಕುಂತು ಕೇಳ್ತಾರ" ಎಂದೆ. ಅವನು ಮತ್ತೆ ತಂದೆಯ ಜೊತೆ ಹೋಗತೊಡಗಿದ. ಇಂದು ಅವನದೇ ಮೇಳವಿದೆ. ವೀಳ್ಯ ಹಿಡಿಯುವಾಗ ಅವನದೊಂದು ಕರಾರು: ಮೇಳದವರ ಊಟ ಬೀಗರ ಜೊತೆಯಲ್ಲಿಯೇ ಆಗಬೇಕು. ಒಪ್ಪದ ಮನೆಗೆ ಅವನು ಹೋಗುವುದಿಲ್ಲ. ಈ ಕರಾರನ್ನು ನಾನು ಕಲಿಸಿದ್ದಲ್ಲ. ಅದು ಅವನ ಸ್ವಂತದ್ದು.

ಪರದೇಶದ ವಾದ್ಯ, ಕೀಳು ವಾದ್ಯ ಎಂಬ ಮಾತಿಗೆ ನಮ್ಮ ನೆಲದಲ್ಲಿ ಬೇರಿಲ್ಲ. ನಮ್ಮ ನಾಟಕ ಕಂಪನಿಗಳ ಉಸಿರಾಗಿದ್ದ ಪೇಟಿ ಯುರೋಪಿನಿಂದ ಬಂದದ್ದು. ಆಕಾಶವಾಣಿ ಅದನ್ನು 1940ರಿಂದ 1971ರವರೆಗೆ ದೂರವಿಟ್ಟರೂ ಭಜನೆಯ ಮನೆಗಳು ಬಿಡಲಿಲ್ಲ. ಇದೇ ವಿಜಯಪುರವನ್ನು 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್ ಶಾಹ 'ಕಿತಾಬ್-ಎ-ನೌರಸ್' ರಚಿಸಿ ಸರಸ್ವತಿಯನ್ನೂ ಗಣಪತಿಯನ್ನೂ ಹಾಡಿದ. ತನ್ನ ತಂಬೂರಿಗೆ ಮೋತಿಖಾನ್ ಎಂದು ಮಗುವಿಗೆ ಇಟ್ಟಂತೆ ಹೆಸರಿಟ್ಟ. ವಾದ್ಯಕ್ಕೆ ಜಾತಿ ಹಚ್ಚುವುದು ಈ ಊರಿನ ಹಳೆಯ ಪಾಠವಲ್ಲ.

ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು. ಅವರು ತಂದೆಯ ನಾಗಸ್ವರವನ್ನು ಬಿಟ್ಟು ಬೇರೆ ವಾದ್ಯಕ್ಕೆ ಹೋದರೆಂದು ಹೇಳುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಅವರ ಯಾವುದಾದರೊಂದು ಆಲಾಪನೆಯನ್ನು ಕಣ್ಣು ಮುಚ್ಚಿ ಕೇಳಿರಿ; ಹಿತ್ತಾಳೆಯ ಕೊಳವೆಯೊಳಗೆ ದೇವಸ್ಥಾನದ ನಾಗಸ್ವರವೇ ಉಸಿರಾಡುತ್ತದೆ. ಮನೆಯ ವಿದ್ಯೆಯನ್ನು ಅವರು ಹೊಸ ಪಾತ್ರೆಗೆ ಸುರಿದರು, ಒಂದು ಹನಿಯೂ ಚೆಲ್ಲಲಿಲ್ಲ.

ನನ್ನ ಶಿಷ್ಯರಲ್ಲಿ, ಬಂಧುಗಳಲ್ಲಿ ಒಂದು ಕೋರಿಕೆ. ಮುಂದಿನ ಸಲ ನಿಮ್ಮ ಮನೆಯ ಶುಭಕಾರ್ಯಕ್ಕೆ ಸನಾದಿಯವರು ಬಂದಾಗ ಅವರ ಹೆಸರು ಕೇಳಿರಿ. ಆಮೇಲೆ ಒಳಗೆ ಕರೆದು ಕುಳ್ಳಿರಿಸಿರಿ.