ಹವಾಯಿಯ ಹಾದಿಯ ಮೊದಲ ದಿನಗಳು

ಕ್ಯಾಲಿಫೋರ್ನಿಯದ ಮಾಂಟೆರೆ ಕೊಲ್ಲಿಯಿಂದ ಹವಾಯಿ ದ್ವೀಪಗಳಿಗೆ ಸುಮಾರು 2,200 ಮೈಲಿ. ನಡುವೆ ತಂಗುವುದಕ್ಕೆ ಒಂದು ಬಂಡೆಯೂ ಇಲ್ಲ. ಈ ಜಲಮಾರ್ಗವನ್ನು ಏಕಾಕಿಯಾಗಿ ಹುಟ್ಟುಹಾಕಿ ದಾಟಿದವರುಂಟೆಂದರೆ ವಾಚಕರು ದೂರವನ್ನು ನೆನೆದು ಬೆರಗಾದಾರು. ನಮಗಾದರೋ ಮೊದಲ ದಿನಗಳೇ ಹೆಚ್ಚು ಬೆರಗನ್ನುಂಟುಮಾಡುತ್ತವೆ.

ಈ ಸಾಗರವನ್ನು ಶಾಂತವೆಂದು ಕರೆದ ಮೆಗಲನ್ ಈ ತೀರವನ್ನು ಕಂಡವನಲ್ಲ! ಬೇಸಿಗೆಯಲ್ಲಿಯೂ ಇಲ್ಲಿ ವಾಯವ್ಯದ ಗಾಳಿ ಬಿರುಸಾಗಿ ಬೀಸುವುದು. ಅದರ ದೆಸೆಯಿಂದ ಆಳದ ನೀರು ಮೇಲೇರಿ ಕಡಲು ಕೊರೆಯುತ್ತಿರುವುದು. ಪ್ರವಾಹವು ದಕ್ಷಿಣಕ್ಕೆ ಸೆಳೆಯುವುದು. ಪಡುವಣಕ್ಕೆ ಹೊರಟವನ ದೋಣಿಗೆ ಪಕ್ಕದಿಂದ ಅಲೆಗಳ ಪೆಟ್ಟು. ದೇಹಕ್ಕೆ ನೆಲದ ಅಭ್ಯಾಸ ಇನ್ನೂ ಬಿಟ್ಟಿಲ್ಲ. ದೋಣಿಯೋ ತಿಂಗಳುಗಳ ಆಹಾರದಿಂದ ಅತ್ಯಂತ ಭಾರವಾಗಿರುವುದು ಆಗಲೇ. ತೀರವನ್ನು ಬಹುದೂರ ಹಿಂದಿಕ್ಕಿದ ಮೇಲಷ್ಟೆ ನೀರು ಬೆಚ್ಚಗಾಗಿ ಗಾಳಿಯು ಬೆನ್ನಿಗೆ ಬರುವುದು.

1987ರಲ್ಲಿ ಎಡ್ ಜಿಲೆಟ್ ಎಂಬ ಸಾಹಸಿಯು ಇಬ್ಬರು ಕೂರುವ ಸಾಮಾನ್ಯ ಕಯಾಕ್ ದೋಣಿಯೊಂದರಲ್ಲಿ ಹೊರಟರು. ಮಲಗಲು ಕೋಣೆಯಿಲ್ಲ, ರಾತ್ರಿ ದೋಣಿ ಮಗುಚದಂತೆ ಗಾಳಿ ತುಂಬಿದ ತೇಲುಚೀಲಗಳನ್ನು ಇಕ್ಕೆಲಗಳಲ್ಲಿಯೂ ಕಟ್ಟಿ, ಅದರ ತಳದಲ್ಲಿಯೇ ಒರಗುತ್ತಿದ್ದರು. ಉಪ್ಪುನೀರಿನಿಂದ ಮೈಯೆಲ್ಲ ಹುಣ್ಣಾಯಿತು. ಆದರೂ 63 ದಿನಗಳಲ್ಲಿ ಮಾವಿ ದ್ವೀಪವನ್ನು ಸೇರಿದರು.

ಸಿರಿಲ್ ಡೆರ್ಯುಮೊ ಅವರಿಗೆ ಮಲಗುವ ಕೋಣೆಯುಳ್ಳ ದೋಣಿಯಿದ್ದಿತು. ಆದರೇನು? 2021ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಬಳಿಯಿಂದ ಹೊರಟ ಆರನೆಯ ದಿನವೇ ಬಿರುಗಾಳಿಗೆ ಸಿಕ್ಕಿ, ನೆರವಿಗಾಗಿ ಕರೆಕಳುಹಿ, ಹೆಲಿಕಾಪ್ಟರಿನಲ್ಲಿ ದಡ ಸೇರಬೇಕಾಯಿತು. ಇದನ್ನು ಅಧೈರ್ಯವೆನ್ನುವವರುಂಟು, ನಾವು ಒಪ್ಪೆವು. ಪ್ರಾಣವುಳಿಸಿಕೊಂಡುದರಿಂದಲ್ಲವೇ ಅವರು 2022ರ ಜೂನ್‌ನಲ್ಲಿ ಮಾಂಟೆರೆಯಿಂದ ಮತ್ತೆ ಹೊರಟದ್ದು? ಆ ಸಲ ತೀರದ ಗಾಳಿಯನ್ನು ದಾಟಿದರು. 91 ದಿನಗಳ ತರುವಾಯ ಹಿಲೋ ಪಟ್ಟಣದಲ್ಲಿ ನೆಲವನ್ನು ಮೆಟ್ಟಿದರು.