ಅಣ್ಣನ ಕಾಲಿಗೆ ಕರೆಂಟು

ನನ್ನ ಅಣ್ಣ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದಲ್ಲಿ ಲೈನ್‌ಮನ್ ಆಗಿದ್ದವನು. 1969ರಲ್ಲಿ ಹುಟ್ಟಿದ ಸಂಘವದು. ದೇಶದಲ್ಲಿ ಅಂಥವು ಕೆಲವೇ. ಮಳೆಗಾಲದ ರಾತ್ರಿಗಳಲ್ಲಿ ಕಂಬ ಹತ್ತುತ್ತಿದ್ದ ಆತನಿಗೆ ವಿದ್ಯುತ್ತಿನ ವಿಷಯದಲ್ಲಿ ಒಂದೇ ಶಾಸ್ತ್ರ: ಮುಟ್ಟಬಾರದು.

ನಿವೃತ್ತನಾಗಿ ಮೂಡಲಗಿಯ ಮನೆಗೆ ಮರಳಿದ ಮೇಲೆ ಒಂದು ಮುಂಜಾನೆ ಲಕ್ವ ಹೊಡೆಯಿತು. ಪ್ರಾಣ ಉಳಿಯಿತು, ಮಾತು ಮರಳಿತು. ಎಡಪಾದ ಮಾತ್ರ ಮುನಿಸಿಕೊಂಡಿತು. ತೊಡೆ ಏಳುತ್ತಿತ್ತು, ಪಾದ ಜೋತುಬೀಳುತ್ತಿತ್ತು. ಹೊಸ್ತಿಲಿಗೆ ಎಡವಿ ಎರಡು ಸಲ ಬಿದ್ದ. "ಜರಾ ಎತ್ತಿ ಇಡಾಕ ಬರೂದಿಲ್ಲೇನಣ್ಣಾ?" ಎಂದು ನಾನು ಗದರಿಬಿಟ್ಟೆ. ಮರುದಿನದಿಂದ ಆತ ಮಂಚ ಬಿಟ್ಟು ಇಳಿಯಲಿಲ್ಲ.

ಗೋಕಾಕದ ಚಿಕಿತ್ಸಕಿಯೊಬ್ಬರು ವಿವರಿಸಿದಾಗಲೇ ನನಗೆ ನಾಚಿಕೆಯಾದದ್ದು. ಕಾಲಿನ ನರವೂ ಸ್ನಾಯುವೂ ಚೆನ್ನಾಗಿಯೇ ಇದ್ದವು. ಮಿದುಳಿನ ಅಪ್ಪಣೆ ಅವುಗಳಿಗೆ ತಲುಪುತ್ತಿರಲಿಲ್ಲ. ಆ ಅಪ್ಪಣೆಯನ್ನು ಹೊರಗಿನಿಂದ ಕೊಡಬಹುದೆಂದು ಅಮೆರಿಕದ ಲಿಬರ್ಸನ್ ಎಂಬ ವೈದ್ಯರು 1961ರಲ್ಲಿ ತೋರಿಸಿದ್ದರು. ಮಂಡಿಯ ಕೆಳಗೆ ಹೊರಮಗ್ಗುಲಲ್ಲಿ ನರವೊಂದು ಚರ್ಮಕ್ಕೆ ಸಮೀಪದಲ್ಲೇ ಹಾಯುತ್ತದೆ. ಅಲ್ಲಿಗೊಂದು ಪಟ್ಟಿ, ಬೂಟಿನೊಳಗೆ ಹಿಮ್ಮಡಿಯಡಿಗೊಂದು ಸ್ವಿಚ್ಚು. ಹಿಮ್ಮಡಿ ನೆಲ ಬಿಟ್ಟೊಡನೆ ಅಲ್ಪ ವಿದ್ಯುತ್ತು ಹರಿದು ಪಾದ ಏಳುತ್ತದೆ, ಊರಿದೊಡನೆ ನಿಲ್ಲುತ್ತದೆ.

ಅಣ್ಣ ಒಪ್ಪಬೇಕಲ್ಲ! "ಜನ್ಮಾಪೂರ್ತಿ ಇದಕ್ಕ ಅಂಜಿ ಬದುಕೇನಿ. ಈಗ ನೀ ಕಾಲಿಗೇ ಕಟ್ಟಸ್ತೀಯೇನೋ ತಮ್ಮಾ?" ಹಿಂದೆಯೇ ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆಯ ನೀರಿನಿಂದ ವಿದ್ಯುತ್ತು ತೆಗೆದ ಸೀಮೆ ನಮ್ಮದೆಂದು ನಾನು ಹುರಿದುಂಬಿಸಿದೆ. "ಅದು ಗಿರಣಿಗೆ" ಎಂದು ಕಡ್ಡಿ ಮುರಿದಂತೆ ನುಡಿದ. ಕೊನೆಗೆ ಚಿಕಿತ್ಸಕಿ ತಮ್ಮ ಮುಂಗೈಗೇ ಪಟ್ಟಿ ಹಚ್ಚಿಕೊಂಡರು. ಬೆರಳುಗಳು ತಾವಾಗಿಯೇ ಎದ್ದವು. ಅಣ್ಣ ಪೆಟ್ಟಿಗೆಯನ್ನು ಹಿಂದುಮುಂದು ತಿರುಗಿಸಿ ನೋಡಿ, "ಬ್ಯಾಟರೀದೇನು? ಮೊದಲ ಹೇಳಬೇಕಿಲ್ಲೋ!" ಎಂದ.

ಮೊದಲ ದಿನ ಇರುವೆ ಮುತ್ತಿದಂತೆ ಜುಮುಗುಟ್ಟಿತಂತೆ. ಆದರೂ ಪಾದ ಎದ್ದಿತು. ಹತ್ತೇ ಹೆಜ್ಜೆ, ಬೆವರಿ ನೀರಾದ. ಅನಂತರ ತಿಂಗಳುಗಟ್ಟಲೆ ವ್ಯಾಯಾಮದ ಜೊತೆಗೇ ಇದೂ ನಡೆಯಿತು. ಪಟ್ಟಿ ಬಿಚ್ಚಿದರೂ ಈಗ ಪಾದ ತುಸು ಏಳುತ್ತದೆ. ಸಂಜೆ ದಣಿದಾಗ ಮತ್ತೆ ನೆಲ ಕೆರೆಯುತ್ತದೆ. ಎಲ್ಲರಿಗೂ ಇಷ್ಟೂ ಆಗುವುದಿಲ್ಲ ಎಂದು ಚಿಕಿತ್ಸಕಿ ಮೊದಲೇ ಎಚ್ಚರಿಸಿದ್ದರು.

ಬೆನ್ನುಹುರಿಗೆ ಪೆಟ್ಟು ಬಿದ್ದವರನ್ನು ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅಲ್ಲಿಗೇ ವಿದ್ಯುತ್ತು ಹಾಯಿಸಿ, ಆಸರೆಯೊಡನೆ ನಡೆಸಿದರೆಂಬ 2018ರ ವರದಿಯನ್ನು ಆತನಿಗೆ ಓದಿ ಹೇಳಿದೆ. "ಅದು ಎಚ್.ಟಿ. ಲೈನು. ನಂದು ಎಲ್.ಟಿ." ಎಂದು ನಕ್ಕ.

ಮೊನ್ನೆ ಸಂತೆಗೆ ಹೊರಟವನು ಹೊಸ್ತಿಲ ಬಳಿ ತಡೆದು ನಿಂತ. ವೈನಿ ಕೈ ಚಾಚಿದರು. ಆತ ಕೈ ಹಿಡಿಯದೆ ನನ್ನತ್ತ ತಿರುಗಿ, "ಎತ್ತಿ ಇಡ್ಲೇನೋ?" ಎಂದ.

ನಾನು ಆತನ ಚೀಲ ಎತ್ತಿಕೊಂಡು ಹಿಂದೆ ನಡೆದೆ.