ಹಲ್ಲಿನ ಕಲೆ

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಕಟ್ಟಿದ ಹಿರಿಯರು ಹಲ್ಲನ್ನು ಅಗಿಯುವ ಸಾಧನವೆಂದಷ್ಟೇ ಎಣಿಸಿದಂತೆ ತೋರುತ್ತದೆ. ಮುಂದಿನ ಹಲ್ಲು ಅರ್ಧ ಮುರಿದವರನ್ನು ಕೇಳಿದರೆ ಬೇರೆಯೇ ಮಾತು ಹೊರಡುತ್ತದೆ. ಕಡಲೆಯನ್ನು ದವಡೆಯಿಂದ ಅಗಿಯಬಹುದು. ದವಡೆಯಿಂದ ನಗಲು ಬಾರದು. ಅಂಥವರ ನಗೆ ತುಟಿಯ ಹೊಸಿಲಲ್ಲೇ ನಿಂತುಬಿಡುತ್ತದೆ. ಹೆಣ್ಣುಮಕ್ಕಳಾದರೆ ಸೆರಗು ತಾನಾಗಿ ಬಾಯಿಗೆ ಬರುತ್ತದೆ.

ಸೆರಗಿನ ಮಾತು ಬಂದ ಮೇಲೆ ಕಮತಗಿಯನ್ನು ನೆನೆಯದಿರುವುದೆಂತು? ಅದು ಕೈಮಗ್ಗದ ಊರು. ಇಳಕಲ್ ಸೀರೆಯ ಸೀಮೆಗೆ ಸೇರಿದ್ದು. ಸೀರೆಯ ಮೈಯ ಹಾಸಿಗೆ ಸೆರಗಿನ ರೇಷ್ಮೆಯ ಹಾಸನ್ನು ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸುವುದು ಆ ಸೀಮೆಯ ನೇಕಾರರ ವಿದ್ಯೆ. ಇದ್ದುದಕ್ಕೆ ಹೊಸತನ್ನು ಹೊಂದಿಸುವ ಕಷ್ಟವೇನೆಂಬುದನ್ನು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಲ್ಲಿಗೆ ‘ಕ್ಯಾಪು’ ಮಾಡುವ ಕುಶಲಿಯೂ ಒಂದು ಬಗೆಯ ನೇಕಾರನೇ. ಅವನು ನೇಯುವುದು ಬೆಳಕನ್ನು.

ನಿಜವಾದ ಹಲ್ಲು ಸುಣ್ಣ ಬಳಿದ ಗೋಡೆಯಲ್ಲ. ಹೊರಗಿನ ಎನಾಮಲ್ ಪದರದೊಳಕ್ಕೆ ಬೆಳಕು ನುಸುಳುತ್ತದೆ, ಒಳಗಿನ ಹಳದಿ ಛಾಯೆಯ ಡೆಂಟಿನ್ನನ್ನು ಮುಟ್ಟಿ ಮರಳುತ್ತದೆ. ಹಲ್ಲಿನ ತುದಿಯಲ್ಲಿ ಡೆಂಟಿನ್ ಇಲ್ಲದ್ದರಿಂದ ಅಲ್ಲಿ ತೆಳುನೀಲಿಯ ಮಬ್ಬು ಸುಳಿಯುತ್ತದೆ. ಇಷ್ಟನ್ನೂ ಪಿಂಗಾಣಿಯ ಪುಡಿಯಲ್ಲಿ ಮರಳಿ ತರಬೇಕು. ಲೋಹದ ಟೊಪ್ಪಿಗೆಯ ಮೇಲೆ ಮೊದಲು ಅದರ ಕಪ್ಪನ್ನು ಮುಚ್ಚುವ ಅಪಾರದರ್ಶಕ ಪುಡಿ, ಅದರ ಮೇಲೆ ಡೆಂಟಿನ್ ಬಣ್ಣದ್ದು, ಬಳಿಕ ಎನಾಮಲ್ಲಿನದು, ತುದಿಗೆ ಗಾಜಿನಂತೆ ಬೆಳಕು ಹಾಯುವ ಅರೆಪಾರದರ್ಶಕ ಪುಡಿ. ನೀರಿನಲ್ಲಿ ಕಲಸಿದ ಪುಡಿಯನ್ನು ಸಣ್ಣ ಕುಂಚದಿಂದ ಇಟ್ಟು, ತೇವವನ್ನು ಹೀರಿ ತೆಗೆದು, ಗಾಳಿಯನ್ನು ಸೆಳೆದುಕೊಳ್ಳುವ ಪುಟ್ಟ ಕುಲುಮೆಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ಸುಟ್ಟಾಗ ಅದು ಗಾತ್ರದಲ್ಲಿ ಮೂರರಲ್ಲೊಂದು ಪಾಲಿನಷ್ಟು ಕುಗ್ಗುವುದರಿಂದ ಮೊದಲೇ ದೊಡ್ಡದಾಗಿ ಕಟ್ಟಬೇಕು. ಹಸಿಯಾಗಿದ್ದಾಗ ಪುಡಿಗಳ ಬಣ್ಣ ಒಂದು, ಸುಟ್ಟ ಮೇಲೆ ಇನ್ನೊಂದು. ಕಾಣದ ಬಣ್ಣವನ್ನು ಊಹಿಸಿ ಕೆಲಸ ಮಾಡುವುದು ಕುಂಬಾರನಿಗೂ ಇವನಿಗೂ ಸಮಾನವಾದ ತಪಸ್ಸು.

ಈ ವಿದ್ಯೆ ಒಂದು ದಿನದಲ್ಲಿ ಬಂದುದಲ್ಲ. 1774ರ ಸುಮಾರಿಗೆ ಪ್ಯಾರಿಸ್ ಬಳಿಯ ಔಷಧ ವ್ಯಾಪಾರಿ ದುಶಾಟೋ ಎಂಬಾತ ತನ್ನ ದಂತಪಂಕ್ತಿ ದುರ್ನಾತ ಬೀರುತ್ತದೆಂದು ಬೇಸತ್ತು ಪಿಂಗಾಣಿಯ ಹಲ್ಲನ್ನು ಮಾಡಿಸಲು ಹೊರಟನು. 1903ರಲ್ಲಿ ಅಮೆರಿಕದ ಚಾರ್ಲ್ಸ್ ಲ್ಯಾಂಡ್ ಒಂಟಿ ಹಲ್ಲಿಗೆ ತೊಡಿಸುವ ಪಿಂಗಾಣಿಯ ಅಂಗಿಯನ್ನು ಪ್ರಚುರಪಡಿಸಿದನು. 1960ರ ದಶಕದಲ್ಲಿ ಪಿಂಗಾಣಿಯನ್ನು ಲೋಹಕ್ಕೆ ಭದ್ರವಾಗಿ ಬೆಸೆಯುವ ಬಗೆ ಬಳಕೆಗೆ ಬಂದಿತು. ಈಗ ಲೋಹದ ಬದಲು ಜಿರ್ಕೋನಿಯವನ್ನು ಯಂತ್ರವೇ ಕೆತ್ತಿಕೊಡುತ್ತದೆ. ಆದರೂ ಮುಂದಿನ ಹಲ್ಲಿನ ಕಾಂತಿಗೆ ಅನೇಕ ಕಡೆ ಕುಂಚವೂ ಪುಡಿಯೂ ಬೇಕೇ ಬೇಕು.

ಆದರೆ ಈ ಸೀಮೆಯಲ್ಲಿ ಕುಶಲಿಗೆ ಇನ್ನೊಂದು ಸಂಕಟವುಂಟು. ಹುನಗುಂದ, ಇಳಕಲ್ ಕಡೆಯ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದೆಂದೂ, ಬೇರೆ ನೀರೇ ಇಲ್ಲದಾಗ 1.5ರವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕ ಹೇಳುತ್ತದೆ. ಮೀರಿದ ನೀರನ್ನು ಎಳವೆಯಲ್ಲಿ ಕುಡಿದವರ ಹಲ್ಲಿನ ಮೇಲೆ ಸುಣ್ಣದ ಮಚ್ಚೆ, ಕಂದು ಗೆರೆ ಮೂಡುತ್ತವೆ. ತಿಕ್ಕಿದರೆ ಹೋಗವು, ಎಲೆ ಅಡಿಕೆ, ತಂಬಾಕು ಕಾಣದ ಬಾಯಿಯೂ ಅಪವಾದಕ್ಕೆ ಗುರಿಯಾಗುತ್ತದೆ.

ಇಂಥ ಬಾಯಲ್ಲಿ ಹಲ್ಲೊಂದು ಮುರಿದರೆ, ಮದುವೆಗೆ ಬಂದ ಮಗಳ ಪಕ್ಕದಲ್ಲಿ ಕುಳಿತ ತಾಯಿ ಏನನ್ನು ಬೇಡಿಯಾಳು? “ಡಾಕ್ಟರ್ರೀ, ಹಾಲಿನಂಗ ಬೆಳ್ಳಗ ಮಾಡಿಕೊಡ್ರಿ” ಎಂದೇ ಬೇಡಿಯಾಳು. ತಾಯಿಯ ಆಸೆ ತಪ್ಪಲ್ಲ. ಆದರೆ ಮಚ್ಚೆಯುಳ್ಳ ಹಲ್ಲುಗಳ ನಡುವೆ ಹಾಲಿನ ಬಿಳುಪು ನಿಂತರೆ ಅದೇ ಎಲ್ಲರಿಗಿಂತ ಮೊದಲು ‘ನಾನು ಇಲ್ಲಿಯವನಲ್ಲ’ ಎಂದು ಸಾರುತ್ತದೆ. ಬಲ್ಲ ಕುಶಲಿ ನೆರೆಯ ಹಲ್ಲನ್ನು ಹಗಲಿನ ಬೆಳಕಿನಲ್ಲಿ ನೋಡಿ, ಅದರ ಮೋಡದಂಥ ಮಚ್ಚೆಯನ್ನೂ ಕಂದು ಎಳೆಯನ್ನೂ ಹೊಸ ಹಲ್ಲಿನ ಪಿಂಗಾಣಿಯೊಳಗೆ ಬೇಕೆಂದೇ ಇಡುತ್ತಾನೆ. ಕನ್ನಡದಲ್ಲಿ ಕುಂದಿಗೂ ಕೌಶಲಕ್ಕೂ ಕಲೆ ಎಂಬುದೊಂದೇ ಹೆಸರು; ಅದು ಸಾರ್ಥಕವಾಗುವುದು ಇಲ್ಲಿಯೇ. ಹಾಗೆ ಮಾಡುವ ಮುನ್ನ ತಾಯಿಮಗಳಿಬ್ಬರ ಒಪ್ಪಿಗೆ ಬೇಕು, ಏಕೆಂದರೆ ಕ್ಯಾಪಿಗಾಗಿ ಒಮ್ಮೆ ಅರೆದ ಹಲ್ಲು ಮತ್ತೆ ಬೆಳೆಯದು. ನೆರೆಯ ಅಮೀನಗಡದ ಕರದಂಟನ್ನು ಆ ಹಲ್ಲಿನಿಂದ ಕಚ್ಚಿ ಎಳೆಯಬಾರದೆಂಬ ಎಚ್ಚರವನ್ನೂ ಹೇಳಬೇಕು.

ಕುಶಲಿಯ ಗೆಲುವಿಗೆ ಹೊಗಳಿಕೆ ಸಲ್ಲುವುದಿಲ್ಲ. ಯಾರೂ ಗುರುತಿಸದಿರುವುದೇ ಅವನ ಗೆಲುವು. ಸೆರಗು ಬಾಯಿಯಿಂದ ಹೆಗಲಿಗೆ ಮರಳಿದರೆ ಅವನಿಗೆ ಅಷ್ಟು ಸಾಕು. ಆದರೆ ಕುಂದನ್ನು ಹೋಲುವ ಕುಂದನ್ನು ಬರೆಯುವ ಈ ವಿದ್ಯೆ ಇಂದಿನ ಕೂಸಿಗೆ ಬೇಕಾಗಬಾರದು. ಅದಕ್ಕೆ ಬೇಕಾದುದು ಪಿಂಗಾಣಿಯ ಪುಡಿಯಲ್ಲ, ಹಲ್ಲು ರೂಪುಗೊಳ್ಳುವ ಏಳೆಂಟು ವರ್ಷ ಕುಡಿಯಲು ಒಳ್ಳೆಯ ನೀರು.